ಜಗುಲಿಯ ಇಂಗ್ಲಿಷ್ ತರಗತಿ: ಕಾರವಾರದ ಟ್ಯಾಕ್ಸಿ ಚಾಲಕನ ಅಭಿಪ್ರಾಯ

ಕಾರವಾರದಲ್ಲಿ ಸಂಜೆ ನಡೆಯುವ ಇಂಗ್ಲಿಷ್ ತರಗತಿಯೊಂದಕ್ಕೆ ಎರಡು ತಿಂಗಳು ಹೋಗಿ ಬಂದೆ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ತಾಸು, ಒಟ್ಟು ಶುಲ್ಕ 3,000 ರೂಪಾಯಿ. ಕಲಿಸುವವರು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಅವರ ಮನೆಯ ಜಗುಲಿಯೇ ತರಗತಿ. ಹೊರಗೆ ಫಲಕವಿಲ್ಲ. ಕೊಟ್ಟ ಹಣಕ್ಕೆ ತಕ್ಕುದಾಯಿತೇ ಎಂದು ಟ್ಯಾಕ್ಸಿ ನಿಲ್ದಾಣದಲ್ಲಿ ಹಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಟ್ಯಾಕ್ಸಿ ಹಿಡಿದು ಹದಿನಾಲ್ಕು ವರ್ಷವಾಯಿತು. ‘ಪಿಕಪ್’ ನನಗೆ ಹೊಸ ಪದವಲ್ಲ. ಬೈತಖೋಲ ಬಂದರಿನಿಂದ ಮೀನು ಸಾಗಿಸುವ ಗಾಡಿ ಪಿಕಪ್. ಘಟ್ಟ ಹತ್ತುವಾಗ ಎಂಜಿನ್ ಎಳೆಯದಿದ್ದರೆ ‘ಪಿಕಪ್ ಇಲ್ಲ’. ಶಿರವಾಡದ ರೈಲು ನಿಲ್ದಾಣದಲ್ಲಿ ಗಿರಾಕಿಯನ್ನು ಹತ್ತಿಸಿಕೊಂಡರೆ ಅದೂ ಪಿಕಪ್. ಇಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡಿದ್ದೆ.

ಹಾಗಲ್ಲವೆಂದು ತಿಳಿದದ್ದು ಗೋಕರ್ಣದಿಂದ ಗೋವಾಕ್ಕೆ ಹೊರಟಿದ್ದ ವಿದೇಶಿ ಮಹಿಳೆಯೊಬ್ಬರ ಫೋನಿನಿಂದ. ಹಿಂದಿನ ರಾತ್ರಿ ಕರೆ ಮಾಡಿ, ಹಂಪಿಯಲ್ಲಿ ಏನನ್ನೋ ‘ಪಿಕ್ ಅಪ್’ ಮಾಡಿದ್ದಾಗಿ ಹೇಳಿದರು. ಕೊನೆಯ ಪದ ನನ್ನ ಕಿವಿಗೆ ‘ಬ್ಯಾಗ್’ ಎಂದು ಬಿತ್ತು. ದೊಡ್ಡ ಚೀಲ ಕೊಂಡಿರಬೇಕೆಂದು ಡಿಕ್ಕಿ ಖಾಲಿ ಮಾಡಿ, ಮೇಲೆ ಕಟ್ಟಲು ಹಗ್ಗವನ್ನೂ ಇಟ್ಟುಕೊಂಡು ಬೆಳಿಗ್ಗೆ ಹೇಳಿದ ಹೊತ್ತಿಗೇ ಹೋದೆ. ಅವರು ಹೇಳಿದ್ದು ‘ಬಗ್’. ಅಂದರೆ ಹೊಟ್ಟೆಯ ಸೋಂಕು ತಗಲಿದೆ ಎಂದು. ಜ್ವರದಲ್ಲಿ ಕೆಂಪಾಗಿ ಮೆಟ್ಟಿಲ ಮೇಲೆ ಕುಳಿತಿದ್ದರು. ರಾತ್ರಿಯೇ ಅರ್ಥವಾಗಿದ್ದರೆ ಆಗಲೇ ಹೊರಟು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಆ ಮುಖ ಬಹಳ ದಿನ ಕಾಡಿತು. ಮುಂದಿನ ವಾರವೇ ತರಗತಿಗೆ ಹೆಸರು ಕೊಟ್ಟೆ.

ಮೇಡಂ ಮೊದಲ ದಿನ ವ್ಯಾಕರಣದ ಸುದ್ದಿಗೇ ಹೋಗಲಿಲ್ಲ. ‘ಪಿಕ್ ಎಂದರೇನು, ಪಿಕ್ ಅಪ್ ಎಂದರೇನು?’ ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಆಗ ಅಂಕೋಲೆಯ ಕರಿ ಇಷಾಡು ಮಾವಿನ ಮಾತು ತೆಗೆದರು. ಮರದಲ್ಲಿದ್ದ ಹಣ್ಣನ್ನು ಕೊಯ್ಯುತ್ತೇವೆ, ಗಾಳಿಗೆ ಬಿದ್ದದ್ದನ್ನು ಹೆಕ್ಕುತ್ತೇವೆ. ಕೊಯ್ಯುವುದು ‘ಪಿಕ್’, ಹೆಕ್ಕುವುದು ‘ಪಿಕ್ ಅಪ್’. ಬಾಲ್ಯದಲ್ಲಿ ಬೆಳಗಿನ ಜಾವ ಮರದಡಿ ಓಡುತ್ತಿದ್ದ ನನಗೆ ಈ ವ್ಯತ್ಯಾಸ ಇನ್ನು ಸಾಯುವವರೆಗೆ ಮರೆಯದು.

ಅಲ್ಲಿಂದ ಒಂದೇ ಪದದ ಮೇಲೆ ಮೂರು ಸಂಜೆ ಕಳೆದೆವು. ಫೋನ್ ಎತ್ತುವುದು ಪಿಕ್ ಅಪ್. ದಾರಿಯಲ್ಲಿ ಅಂಗಡಿಯಿಂದ ಸಾಮಾನು ತರುವುದೂ, ರೇಡಿಯೋ ತರಂಗ ಹಿಡಿಯುವುದೂ, ಎಲ್ಲರ ಊಟದ ಬಿಲ್ಲು ತಾನೇ ಕೊಡುವುದೂ ಅದೇ. ನಿನ್ನೆ ನಿಲ್ಲಿಸಿದಲ್ಲಿಂದ ಮಾತು ಮುಂದುವರಿಸುವುದೂ ಅದೇ ಎಂದಾಗ, ಯಕ್ಷಗಾನದಲ್ಲಿ ವೇಷಧಾರಿಯ ಅರ್ಥಗಾರಿಕೆ ಮುಗಿಯುತ್ತಲೇ ಭಾಗವತರು ಪದ ಎತ್ತಿಕೊಳ್ಳುವುದು ನೆನಪಾಯಿತು.

ನಮ್ಮ ಜೊತೆ ದೋಣಿಯವರ ಮನೆಯ ಹುಡುಗನೊಬ್ಬನಿದ್ದ. ಗಾಳಿ ‘ಪಿಕ್ ಅಪ್’ ಆಗುತ್ತದೆ ಎಂಬ ವಾಕ್ಯ ಬಂದಾಗ, ಗಾಳಿ ಏನನ್ನು ಎತ್ತಿತು ಎಂದು ನಾವೆಲ್ಲ ತಡಕಾಡಿದೆವು. ಅವನು ಮಾತ್ರ ತಟ್ಟನೆ ‘ಗಾಳಿ ಎದ್ದಿತು’ ಎಂದ. ಮೇಡಂ ಎರಡು ನಿಮಿಷ ಅವನನ್ನೇ ಹೊಗಳಿದರು. ನಾವು ಇನ್ನೊಂದನ್ನು ಮೇಲಕ್ಕೆ ತಂದರೆ ‘ಎತ್ತು’, ಅದು ತಾನಾಗಿ ಮೇಲೆ ಬಂದರೆ ‘ಏಳು’. ಕನ್ನಡದಲ್ಲಿ ಎರಡು ಕ್ರಿಯಾಪದ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಒಂದೇ ಮಾಡುತ್ತದೆ. ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ನಮ್ಮ ಬಾಡಿಗೆ ಚಿಗುರುವುದಕ್ಕೂ ಅದೇ ಮಾತು ಸಲ್ಲುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಅರ್ಥ: ಯಾರೂ ಕಲಿಸದೆ ಕಿವಿಗೆ ಬಿದ್ದಷ್ಟರಿಂದಲೇ ಒಂದು ವಿದ್ಯೆ ಕೈಗೆ ಬರುವುದು. ನನ್ನ ಹಿಂದಿ ಹಾಗೆ ಬಂದದ್ದು, ಗಿರಾಕಿಗಳ ಬಾಯಿಂದ ಒಂದೊಂದೇ ಮಾತು ಹೆಕ್ಕಿ. ಅದನ್ನು ‘ಲರ್ನ್’ ಎನ್ನಬೇಡಿ, ‘ಪಿಕ್ ಅಪ್’ ಎನ್ನಿ ಎಂದರು ಮೇಡಂ. ಹೆಚ್ಚು ಓದದವನು ಎಂದು ಇಷ್ಟು ವರ್ಷ ತಲೆ ತಗ್ಗಿಸುತ್ತಿದ್ದ ನನಗೆ, ನನ್ನ ಕಲಿಕೆಗೂ ಒಂದು ಹೆಸರಿದೆ ಎಂದು ತಿಳಿದು ಕಣ್ಣು ತುಂಬಿ ಬಂತು.

ಚಾಲಕರಿಗೆ ಒಂದು ಕೆಲಸದ ಸಂಗತಿ. ‘ಪಿಕ್ ಅಪ್ ಹಿಮ್’ ತಪ್ಪು, ‘ಪಿಕ್ ಹಿಮ್ ಅಪ್’ ಸರಿ. ಅವನು, ಅವಳು, ನಾನು ಎಂಬಂಥ ಸರ್ವನಾಮ ನಡುವೆಯೇ ಕೂರಬೇಕು. ನಾಮಪದವಾದರೆ ನಡುವೆಯೂ ಬರಬಹುದು, ಕೊನೆಗೂ ಬರಬಹುದು. ನಾನು ಹದಿನಾಲ್ಕು ವರ್ಷ ತಪ್ಪಾಗಿ ಸಂದೇಶ ಕಳಿಸುತ್ತಿದ್ದೆ.

ಕೊರತೆಗಳನ್ನೂ ಹೇಳಬೇಕು. ಆರನೆಯ ವಾರದಿಂದ ಪಾಠ ಓಟಕ್ಕೆ ಬಿತ್ತು. ‘ಗೆಟ್’ ಸೇರಿದ ನಲವತ್ತು ರೂಪಗಳನ್ನು ಮಸುಕಾದ ಒಂದು ಜೆರಾಕ್ಸ್ ಹಾಳೆಯಲ್ಲಿ ಕೊಟ್ಟು ಬಾಯಿಪಾಠ ಮಾಡಿ ಎಂದರು. ನಾಲ್ಕೂ ತಲೆಯಲ್ಲಿ ಉಳಿದಿಲ್ಲ. ನಲವತ್ತರ ಬದಲು ಐದನ್ನೇ ಮಾವಿನ ಹಣ್ಣಿನ ಹಾಗೆ ಕಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ವಿದೇಶಿಯರ ಉಚ್ಚಾರಣೆ ಕೇಳಿಸುವ ಅಭ್ಯಾಸ ಒಂದು ದಿನವೂ ನಡೆಯಲಿಲ್ಲ. ‘ಬಗ್’ ‘ಬ್ಯಾಗ್’ ಆದದ್ದು ಅರ್ಥ ತಿಳಿಯದ್ದರಿಂದ ಮಾತ್ರವಲ್ಲ, ಕಿವಿ ಪಳಗದ್ದರಿಂದಲೂ. ಇದನ್ನು ಮೇಡಂ ಅವರಿಗೇ ಹೇಳಿದ್ದೇನೆ. ಮುಂದಿನ ತಂಡಕ್ಕೆ ಮೊಬೈಲಿನಲ್ಲಿ ಧ್ವನಿಮುದ್ರಣ ಕೇಳಿಸುವುದಾಗಿ ಒಪ್ಪಿದ್ದಾರೆ.

ಪರೀಕ್ಷೆಗೆ ಓದುವವರಿಗೆ ಇದು ತಕ್ಕ ಜಾಗವಲ್ಲ. ಹೋಂಸ್ಟೇ, ಹೋಟೆಲು, ಟ್ಯಾಕ್ಸಿ ನಡೆಸುವವರು ಖಂಡಿತ ಹೋಗಿ. ಜೂನ್ ತಂಡಕ್ಕೆ ನಾನು ಮತ್ತೆ ಹೆಸರು ಕೊಟ್ಟಿದ್ದೇನೆ, ಈ ಬಾರಿ ಹೆಂಡತಿಯೂ ಬರುತ್ತಾಳೆ. ಆ ಓಣಿಯಲ್ಲಿ ದೀಪವಿಲ್ಲ. ಮಳೆಗಾಲದಲ್ಲಿ ಹೋಗುವವರು ಛತ್ರಿಯ ಜೊತೆ ಟಾರ್ಚನ್ನೂ ಒಯ್ಯಿರಿ.