ಅಗ್ಗದ ರ‍್ಯಾಮ್, 3200ರ ಆಸೆ, ಕುಮಟಾದ ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ. ರ‍್ಯಾಮ್ (ಕಂಪ್ಯೂಟರ್ ಕೆಲಸದ ಹೊತ್ತಿಗೆ ಡೇಟಾ ಇಟ್ಟುಕೊಳ್ಳುವ ಮೆಮೊರಿ) ಎಷ್ಟು ಜೋರಾಗಿ ಓಡುತ್ತದೆ ಅನ್ನುವುದು ನಮ್ಮ ಕಡೆ ಎರಡನೇ ಮಾತು. ಕರೆಂಟು ಹೋಗಿ ಬಂದ ಮೇಲೆ ಮೆಷಿನ್ ಮತ್ತೆ ಏಳುತ್ತದಾ ಅನ್ನುವುದು ಮೊದಲನೇ ಮಾತು. ರ‍್ಯಾಮ್ ಓವರ್‌ಕ್ಲಾಕ್ ಮಾಡುವ, ಅಂದರೆ ಬರೆದ ವೇಗಕ್ಕಿಂತ ಜೋರಾಗಿ ಓಡಿಸುವ, ವಿಡಿಯೊಗಳನ್ನು ನಾನೂ ಸಾಕಷ್ಟು ನೋಡಿದ್ದೇನೆ. ಎಸಿ ರೂಮು, ಹೊಳೆಯುವ ಕ್ಯಾಬಿನೆಟ್ಟು, ಕೊನೆಗೊಂದು ಗ್ರಾಫು. ಜುಲೈನಲ್ಲಿ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಇಡೀ ಕೇರಿ ಕತ್ತಲಾದಾಗ ಆ ಸೆಟ್ಟಿಂಗ್ ಗತಿ ಏನಾಗುತ್ತದೆ ಅಂತ ಯಾರೂ ತೋರಿಸಲಿಲ್ಲ. ಮಳೆಗಾಲ, ಬೇಸಿಗೆ ಎರಡನ್ನೂ ಹೀಗೆ ಏರಿಸಿದ ಅಗ್ಗದ ರ‍್ಯಾಮ್ ಜೊತೆ ಕಳೆದ ಮೇಲೆ ಬರೆಯುತ್ತಿದ್ದೇನೆ.

ನನ್ನದು ಮದುವೆ ಆಲ್ಬಂ, ಆಮಂತ್ರಣ ಪತ್ರಿಕೆ ಮಾಡುವ ಸಣ್ಣ ಅಂಗಡಿ. ಮೇಳಗಳ ತಿರುಗಾಟ ಶುರುವಾದರೆ ಯಕ್ಷಗಾನದ ವಿಡಿಯೊ ಎಡಿಟಿಂಗ್ ಕೂಡ ಬರುತ್ತದೆ. ಮೆಷಿನ್ ಹಳೆಯದು. ಎಎಂಡಿಯ ರೈಜನ್ 5 3400ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದಕ್ಕೆ ಹುಬ್ಬಳ್ಳಿಯಿಂದ ತಂದ 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್. ವೇಗ 2666 (ಸೆಕೆಂಡಿಗೆ ಅಷ್ಟು ಮಿಲಿಯನ್ ಸಲ ಡೇಟಾ ಸಾಗಿಸುವುದು), ಸಿಎಲ್19 (ಕೇಳಿದ ಡೇಟಾ ಬರಲು ಕಾಯುವ ಕ್ಲಾಕುಗಳ ಲೆಕ್ಕ). ಹೀಟ್‌ಸಿಂಕ್ ಇಲ್ಲ, ಬಣ್ಣದ ಲೈಟಿಲ್ಲ, ಹೆಚ್ಚಿನ ವೇಗದ ಸೆಟ್ಟಿಂಗ್ ಮೊದಲೇ ಬರೆದಿಟ್ಟ ಎಕ್ಸ್‌ಎಂಪಿ ಪ್ರೊಫೈಲೂ ಇಲ್ಲ. ಬರೀ ಹಸಿರು ಪಟ್ಟಿ.

ಇಂಥ ಮೆಷಿನ್‌ಗೆ ರ‍್ಯಾಮ್ ವೇಗ ಬೇಕಾಗುವುದು ಮುಖ್ಯವಾಗಿ ಗ್ರಾಫಿಕ್ಸ್‌ಗೆ. 3400ಜಿ ಒಳಗಿರುವ ವೇಗಾ 11 ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಅದು ನಮ್ಮ ರ‍್ಯಾಮ್‌ನಲ್ಲೇ ಪಾಲು ಕೇಳುತ್ತದೆ. 2666ರಲ್ಲಿ ಎರಡೂ ಸ್ಟಿಕ್ ಸೇರಿ ಸೆಕೆಂಡಿಗೆ ಹೆಚ್ಚೆಂದರೆ 42.6 ಜಿಬಿ ಸಾಗಿಸಬಲ್ಲವು. 3200 ಆದರೆ 51.2 ಜಿಬಿ. ಜೊತೆಗೆ ಈ ತಲೆಮಾರಿನ ರೈಜನ್‌ನಲ್ಲಿ ಇನ್ಫಿನಿಟಿ ಫ್ಯಾಬ್ರಿಕ್ ಅಂತ ಒಂದಿದೆ. ಪ್ರೊಸೆಸರ್‌ನ ಭಾಗಗಳು ಒಂದಕ್ಕೊಂದು ಮಾತಾಡುವ ದಾರಿ ಅದು. ಅದರ ಕ್ಲಾಕು ರ‍್ಯಾಮ್ ಕ್ಲಾಕಿಗೇ ಕಟ್ಟಿಕೊಂಡಿದೆ. ರ‍್ಯಾಮ್ ಏರಿದರೆ ಅದೂ ಏರುತ್ತದೆ. ಆದರೆ ಒಂದೇ ಸ್ಟಿಕ್ ಹಾಕಿಕೊಂಡವರು ಓವರ್‌ಕ್ಲಾಕ್ ಯೋಚನೆ ಬಿಟ್ಟು ಮೊದಲು ಎರಡನೇ ಸ್ಟಿಕ್ ಹಾಕಿ. ಒಂದೇ ಚಾನಲ್, ಅಂದರೆ ಡೇಟಾಗೆ ಒಂದೇ ದಾರಿ ಇದ್ದರೆ ಈ ಲೆಕ್ಕವೆಲ್ಲ ನೇರ ಅರ್ಧಕ್ಕೆ ಇಳಿಯುತ್ತದೆ. ಯಾವ ಸೆಟ್ಟಿಂಗೂ ಅದನ್ನು ತುಂಬಿಕೊಡುವುದಿಲ್ಲ.

ಮಳೆಗಾಲದಲ್ಲಿ ನಮಗೆ ಕೆಲಸ ಕಡಿಮೆ. ಮದುವೆ ಇಲ್ಲ, ಆಟ ಇಲ್ಲ. ಅಕ್ಕನ ಮಗ ರಜೆಗೆ ಬಂದಿದ್ದ, ಇಬ್ಬರೂ ಬಯೋಸ್ (ವಿಂಡೋಸ್ ಏಳುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ತೆರೆದು ಕೂತೆವು. ವೋಲ್ಟೇಜ್ 1.2ರಿಂದ 1.35ಕ್ಕೆ. ಎಕ್ಸ್‌ಎಂಪಿ ಇರುವ ದುಬಾರಿ ಕಿಟ್‌ಗಳು ಸಾಮಾನ್ಯವಾಗಿ ಓಡುವುದು ಇದೇ 1.35ರಲ್ಲಿ, ಹಾಗಾಗಿ ಹೆದರಿಕೆ ಇರಲಿಲ್ಲ. ವೇಗ 3200. ಟೈಮಿಂಗ್‌ನಲ್ಲಿ ಸಿಎಲ್17 ಅಂತ ಹಾಕಿದರೆ ಅದು 18 ಅಂತ ತೋರಿಸುತ್ತದೆ. ಬೋರ್ಡ್ ಹಾಳಾಗಿಲ್ಲ. ಗಿಯರ್ ಡೌನ್ ಮೋಡ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಸಿಎಲ್ ಬೆಸ ಸಂಖ್ಯೆ ಆಗುವುದಿಲ್ಲ, ಮುಂದಿನ ಸಮ ಸಂಖ್ಯೆಗೆ ತಾನೇ ಹೋಗುತ್ತದೆ. ಸರಿ, 18 ಇರಲಿ ಅಂದುಕೊಂಡೆವು. ಸೇವ್ ಮಾಡಿದೆವು, ಎದ್ದಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ 3200 ಅಂತ ಕಂಡಾಗ ಆದ ಖುಷಿ ಇದೆಯಲ್ಲ, ದುಡ್ಡು ಕೊಟ್ಟು ತಂದ ಯಾವ ವಸ್ತುವೂ ಅಷ್ಟು ಖುಷಿ ಕೊಟ್ಟಿಲ್ಲ.

ಸಿಪಿಯು-ಝೆಡ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ನೋಡಿದರೆ 1600 ಅಂತ ಬರುತ್ತದೆ, ಗಾಬರಿ ಬೇಡ. ಡಿಡಿಆರ್ ಒಂದು ಕ್ಲಾಕಿಗೆ ಎರಡು ಸಲ ಡೇಟಾ ಕಳಿಸುತ್ತದೆ, ಅದು ತೋರಿಸುವುದು ಅಸಲಿ ಕ್ಲಾಕು.

“ಮಾವ, 3400ಕ್ಕೆ ಹಾಕಿ ನೋಡ್ವನಾ?” ಅಂದ.

“ಸುಮ್ನೆ ಕೂತ್ಕ ತಮಾ,” ಅಂದೆ. ಸ್ಯಾಮ್‌ಸಂಗ್ ಬಿ-ಡೈ ಅಂತ ಹೆಸರಾದ ಮೆಮೊರಿ ಚಿಪ್ಪಿದೆ. ಮೈಕ್ರಾನ್ ಇ-ಡೈ ಅಂತ ಬಡವರ ಪಾಲಿನ ಒಳ್ಳೆ ಚಿಪ್ಪೂ ಇದೆ. ಅವು ಅಷ್ಟೆಲ್ಲ ಏರುತ್ತವೆ. ಥೈಫೂನ್ ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ನಮ್ಮ ಸ್ಟಿಕ್ ತೆರೆದು ನೋಡಿದೆವು. ನಮ್ಮದು ಅದೂ ಅಲ್ಲ, ಇದೂ ಅಲ್ಲ.

ರಾತ್ರಿ ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಚ್ಚಿ ಮಲಗಿದೆ. ಉಚಿತ ಆವೃತ್ತಿ ನಾಲ್ಕು ಪಾಸ್‌ಗೆ ನಿಲ್ಲುತ್ತದೆ, ನಮ್ಮಂಥವರಿಗೆ ಅಷ್ಟು ಸಾಕು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹೋಗಿ ನೋಡಿದೆ. ಒಂದು ಎರರ್ ಇಲ್ಲ.

ಲಾಭ ಏನಾಯಿತು ಅಂದರೆ, ಹುಡುಗನ ಕಂಪ್ಯೂಟರ್ ಗೇಮುಗಳು ಕಣ್ಣಿಗೆ ಗೊತ್ತಾಗುವಷ್ಟು ಸಲೀಸಾದವು. ಟೈಮ್‌ಲೈನ್‌ನಲ್ಲಿ ಹಿಂದೆ ಮುಂದೆ ಎಳೆದಾಡುವಾಗ ತಡವರಿಸುವುದು ಕಡಿಮೆಯಾಯಿತು. ಎಕ್ಸ್‌ಪೋರ್ಟ್ (ಎಡಿಟ್ ಮುಗಿದ ವಿಡಿಯೊ ಫೈಲ್ ಮಾಡುವುದು) ಮಾತ್ರ ಮೊದಲಿನ ಹಾಗೇ. ಇಡೀ ರಾತ್ರಿಯ ಯಕ್ಷಗಾನದ ವಿಡಿಯೊ ಹಚ್ಚಿಟ್ಟರೆ ಆಗಲೂ ಕಾಯಬೇಕಿತ್ತು, ಈಗಲೂ ಕಾಯಬೇಕು. ಅಲ್ಲಿ ಕೆಲಸ ಪ್ರೊಸೆಸರ್‌ನ ಕೋರ್‌ಗಳದ್ದು. ಎಕ್ಸ್‌ಪೋರ್ಟ್ ವೇಗಕ್ಕಾಗಿ ರ‍್ಯಾಮ್ ಏರಿಸುತ್ತೇನೆ ಅನ್ನುವವರು ಆ ಆಸೆ ಬಿಡಿ.

ಈಗ ಬೆಳಗಿನ ಪೂಜೆಯ ವಿಷಯ. ಬೀಗ ತೆಗೆಯುತ್ತೇನೆ, ಗೋಡೆಯ ಸ್ವಿಚ್ ಹಾಕುತ್ತೇನೆ, ಯುಪಿಎಸ್ ಒಮ್ಮೆ ಕೂಗುತ್ತದೆ. ಪವರ್ ಬಟನ್ ಒತ್ತಿದರೆ ಫ್ಯಾನು ಜೋರಾಗಿ ತಿರುಗಿ ಗಪ್ ಅಂತ ನಿಲ್ಲುತ್ತದೆ. ಕೀಬೋರ್ಡ್ ಲೈಟು ಆರುತ್ತದೆ. ಮತ್ತೆ ಫ್ಯಾನು. ಮತ್ತೆ ಮೌನ. ಇದು ಮೆಮೊರಿ ಟ್ರೇನಿಂಗ್. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಯಾವ ಕ್ಷಣಕ್ಕೆ ಓದಬೇಕು, ಸಿಗ್ನಲ್ ಎಷ್ಟು ತಡವಾಗಿ ಬರುತ್ತದೆ ಅಂತ ಸ್ಟಿಕ್ ಜೊತೆ ಶ್ರುತಿ ಕೂಡಿಸಿಕೊಳ್ಳುವ ಹೊತ್ತು. ಮದ್ದಳೆಯವರು ಹಾರ್ಮೋನಿಯಂ ಪಕ್ಕ ಕೂತು ಮದ್ದಳೆಗೆ ಶ್ರುತಿ ಹಿಡಿಸುತ್ತಾರಲ್ಲ, ಹಾಗೆ. ಶ್ರುತಿ ಕೂಡಿದರೆ ಬೋರ್ಡಿನ ಲೋಗೊ ಬರುತ್ತದೆ. ಆ ಕೆಲವು ಸೆಕೆಂಡಿನಲ್ಲಿ ನಾನು ಕ್ಯಾಬಿನೆಟ್ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತೇನೆ. ಅದರಿಂದ ಏನೂ ಆಗುವುದಿಲ್ಲ ಅಂತ ಗೊತ್ತು. ಆದರೂ ಇಡುತ್ತೇನೆ. ಚಹಾ ತರುವ ಹುಡುಗನಿಗೂ ಈಗ ಅಭ್ಯಾಸ ಆಗಿದೆ. ಲೋಗೊ ಬರುವ ತನಕ ಅವನೂ ಗ್ಲಾಸ್ ಹಿಡಿದು ನಿಲ್ಲುತ್ತಾನೆ.

ತೊಂದರೆ ಶುರುವಾದದ್ದೂ ಇಲ್ಲಿಯೇ. ಮೆಷಿನ್ ರೀಸ್ಟಾರ್ಟ್ ಮಾಡಿದರೆ ಏನೂ ಆಗುವುದಿಲ್ಲ. ಗೋಡೆಯ ಕರೆಂಟು ಪೂರ್ತಿ ಹೋಗಿ, ಯುಪಿಎಸ್ಸೂ ಸತ್ತು, ಬೋರ್ಡಿನ ಜೀವ ಪೂರಾ ಇಳಿದ ಮೇಲೆ ಹಚ್ಚಿದಾಗ ಮಾತ್ರ ಟ್ರೇನಿಂಗ್ ಕೆಲವೊಮ್ಮೆ ಕೂಡುತ್ತದೆ, ಕೆಲವೊಮ್ಮೆ ಇಲ್ಲ. ಕೂಡದಿದ್ದರೆ ಬೋರ್ಡ್ ತಾನೇ ಇನ್ನೊಮ್ಮೆ, ಮತ್ತೊಮ್ಮೆ ನೋಡಿ, ಕೊನೆಗೆ ಕೈಚೆಲ್ಲಿ ಸುರಕ್ಷಿತ ವೇಗಕ್ಕೆ ಇಳಿಯುತ್ತದೆ. ಓವರ್‌ಕ್ಲಾಕ್ ಆಗಲಿಲ್ಲ, ಎಫ್1 ಒತ್ತಿ ಅಂತ ಹೇಳುತ್ತದೆ. ಬಯೋಸ್‌ಗೆ ಹೋಗಿ ನಾವು ಸೇವ್ ಮಾಡಿಟ್ಟ ಸೆಟ್ಟಿಂಗ್ ಮತ್ತೆ ಲೋಡ್ ಮಾಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಇದು ವರ್ಷಕ್ಕೊಮ್ಮೆ ಆಗುವ ತಮಾಷೆ ಇರಬಹುದು. ಗಾಳಿಮಳೆ ಹಿಡಿದರೆ ಇಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆ ಅಂತ ಯಾರೂ ಎಣಿಸುವುದಿಲ್ಲ.

ಮೆಮ್‌ಟೆಸ್ಟ್ ಪಾಸಾಗಿದೆಯಲ್ಲ, ಮತ್ತೆ ಯಾಕೆ ಅಂತ ಕೇಳಬಹುದು. ಮೆಮ್‌ಟೆಸ್ಟ್ ಶುರುವಾಗುವುದೇ ಟ್ರೇನಿಂಗ್ ಗೆದ್ದ ಮೇಲೆ. ಸೋತ ಬೂಟ್ ಅದರ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ನಮ್ಮ ಕಡೆಯವರಿಗೆ ನಾನು ಹೇಳುವ ಪರೀಕ್ಷೆ ಬೇರೆ. ಶಟ್‌ಡೌನ್ ಮಾಡಿ, ವಯರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಉಳಿದ ಕರೆಂಟು ಇಳಿಸಿ, ಊಟ ಮಾಡಿ ಬನ್ನಿ. ಆಮೇಲೆ ಹಚ್ಚಿ. ಬೇರೆ ಬೇರೆ ದಿನ ಹೀಗೆ ಮಾಡಿದಾಗಲೂ ಎದ್ದರೆ ಆ ಸೆಟ್ಟಿಂಗ್ ನಿಮ್ಮದು. ಬರೀ ರೀಸ್ಟಾರ್ಟ್ ಮಾಡಿ ನೋಡಿದ್ದು ಲೆಕ್ಕಕ್ಕಿಲ್ಲ.

ಮನೆಗೆ ಹಾಕಿಸಿದ ಇನ್ವರ್ಟರ್‌ಗೇ ಕಂಪ್ಯೂಟರ್ ಕೊಡುವವರಿಗೂ ಒಂದು ಮಾತು. ಸಾದಾ ಇನ್ವರ್ಟರ್ ಲೈನ್‌ನಿಂದ ಬ್ಯಾಟರಿಗೆ ಬದಲಾಗುವ ಸಣ್ಣ ಹೊತ್ತಿನಲ್ಲೇ ಮೆಷಿನ್ ಬಿದ್ದು ಏಳಬಹುದು. ಫ್ಯಾನು, ಟ್ಯೂಬ್‌ಲೈಟಿಗೆ ಅದು ಗೊತ್ತೇ ಆಗುವುದಿಲ್ಲ. ನಡುವೆ ಯುಪಿಎಸ್ ಇರಲಿ.

ಬೋರ್ಡಿನ ಸಿಆರ್2032 ಸೆಲ್ ಕೂಡ ಇದೇ ಗುಂಪಿಗೆ ಸೇರಿದ್ದು. ಸೆಲ್ ಸೋತಿದ್ದರೆ ಕರೆಂಟು ಹೋದಾಗ ಗಡಿಯಾರದ ಜೊತೆ ನಿಮ್ಮ ಸೆಟ್ಟಿಂಗೂ ಹೋಗಬಹುದು. ಪೇಟೆಯಲ್ಲಿ ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ, ದೊಡ್ಡ ಖರ್ಚಲ್ಲ, ಹಾಕಿಬಿಡಿ.

ರಬ್ಬರ್ ವಿಷಯ ಹೇಳದಿದ್ದರೆ ಕರಾವಳಿಯವ ಅನ್ನಿಸಿಕೊಳ್ಳುವುದು ಹೇಗೆ? ಸಮುದ್ರದ ಗಾಳಿ, ಆ ಜಿಗುಟು. ಸ್ಟಿಕ್ ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಪುಡಿ ಊದಿ, ಎರಡೂ ಕಡೆ ಟಕ್ ಅನ್ನುವ ತನಕ ಒತ್ತಿ ಕೂರಿಸುವುದು. ಇಲ್ಲಿಯ ರಿಪೇರಿ ಅಂಗಡಿಗಳಲ್ಲಿ ಮೊದಲ ಔಷಧಿ ಇದೇ. 2666ರಲ್ಲಿ ಓಡುವಾಗ ಸ್ವಲ್ಪ ಕೊಳೆ ನಡೆಯುತ್ತದೆ. ಅಂಚಿನಲ್ಲಿ ಓಡುವಾಗ ನಡೆಯುವುದಿಲ್ಲ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಾ ಒಂದಿಷ್ಟು ಹೊತ್ತು ಮೆಷಿನ್ ಹಚ್ಚಿಡುತ್ತೇನೆ. ಒಳಗೆ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ.

ಬಯೋಸ್‌ನಲ್ಲಿ ನಿಜವಾಗಿ ಸಹಾಯ ಮಾಡಿದ್ದು ಸಣ್ಣ ಸಣ್ಣ ಬದಲಾವಣೆಗಳು. ಕಮಾಂಡ್ ರೇಟ್ (ರ‍್ಯಾಮ್‌ಗೆ ಆದೇಶ ಕಳಿಸುವ ಗತಿ) ಆಟೋದಲ್ಲಿ ಬಿಡದೆ ನಾನೇ ಹಾಕಿದೆ. ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜ್ 1.1ರಲ್ಲಿ ನಿಲ್ಲಿಸಿದೆ. ಪ್ರೊಸೆಸರ್ ಕಡೆ ರ‍್ಯಾಮ್ ಸಿಗ್ನಲ್ ಸರಿಹೊಂದಿಸುವ ಪ್ರೊಕ್ ಒಡಿಟಿ ಅನ್ನುವ ರೆಸಿಸ್ಟೆನ್ಸ್ ಒಂದೊಂದೇ ಮೆಟ್ಟಿಲು ಬದಲಿಸಿ ನೋಡಿದೆ. ನನಗೆ 53.3 ಓಮ್ ಕೂಡಿಬಂತು. ನಿಮ್ಮ ಬೋರ್ಡಿಗೆ ಬೇರೆಯೇ ಬರಬಹುದು, ನೋಡಿಯೇ ಹುಡುಕಬೇಕು. ಇಷ್ಟಾದ ಮೇಲೆ ಮಳೆಗಾಲದ ಉಳಿದ ದಿನ ಆರಾಮಾಗಿ ಕಳೆಯಿತು. ಆಗ ಈ ವಿಮರ್ಶೆ ಬರೆದಿದ್ದರೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ.

ಆಮೇಲೆ ಏಪ್ರಿಲ್ ಬಂತು. ಸೆಕೆ, ಎಸಿ ಇಲ್ಲದ ಅಂಗಡಿ, ಮೇಜಿನ ಮೇಲೆ ಸಾಲು ಸಾಲು ಮದುವೆ. ಬೂಟ್ ಚೆನ್ನಾಗಿಯೇ ಆಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆಲ್ಬಂ ಸಾಫ್ಟ್‌ವೇರ್ ಹೇಳದೆ ಕೇಳದೆ ಮುಚ್ಚಿಕೊಳ್ಳತೊಡಗಿತು. ಒಂದು ಪುಟ ಸೇವ್ ಆಗಿ ತೆರೆದರೆ ಮದುಮಗಳ ಫೋಟೊ ಅರ್ಧದಿಂದ ಕೆಳಗೆ ಬೂದು ಬಣ್ಣ. ಮೂಲ ಫೋಟೊ ಬೇರೆ ಡಿಸ್ಕ್‌ನಲ್ಲಿ ಇತ್ತು, ಕೆಲಸ ಕೆಡಲಿಲ್ಲ. ಆದರೆ ತಲೆ ಕೆಟ್ಟಿತು. ಎದುರಿಗೇ ಬೀಳುವ ಮೆಷಿನ್ ಸಹಿಸಬಹುದು. ಸುಮ್ಮನೆ ಫೈಲ್ ತಿನ್ನುವ ಮೆಷಿನ್ ಅಂಗಡಿಗೆ ಆಗಿಬರುವುದಿಲ್ಲ.

ವಿಂಡೋಸ್ ಒಳಗೇ ಓಡುವ ಇನ್ನೊಂದು ರ‍್ಯಾಮ್ ಪರೀಕ್ಷೆ ಟೆಸ್ಟ್‌ಮೆಮ್5 ಹಚ್ಚಿದೆ. ಬೆಳಿಗ್ಗೆ ಹಚ್ಚಿದರೆ ಪಾಸು, ಮಧ್ಯಾಹ್ನ ಹಚ್ಚಿದರೆ ಎರರ್. ರ‍್ಯಾಮ್ ಅಂದರೆ ಕೋಟ್ಯಂತರ ಪುಟಾಣಿ ಕೆಪಾಸಿಟರ್. ಅವುಗಳ ಚಾರ್ಜು ಸದಾ ಸೋರುತ್ತಲೇ ಇರುತ್ತದೆ. ಅದಕ್ಕೇ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರುವುದು ಜಾಸ್ತಿ. 85 ಡಿಗ್ರಿ ದಾಟಿದರೆ 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕು ಅಂತ ಡಿಡಿಆರ್4 ನಿಯಮವೇ ಹೇಳುತ್ತದೆ. ನನ್ನ ಸ್ಟಿಕ್ ಅಷ್ಟು ಬಿಸಿ ಆಗಿರಲಿಕ್ಕಿಲ್ಲ. ಆದರೆ ಅಂಚಿನಲ್ಲಿ ಓಡುವ ಚಿಪ್ಪು ತಪ್ಪಲು ಅಷ್ಟು ಬಿಸಿ ಆಗುವ ಅಗತ್ಯವೂ ಇಲ್ಲ. ಆಗಸ್ಟಿನ ತಂಪಿನಲ್ಲಿ ಪಾಸಾದ ಪರೀಕ್ಷೆ ಮೇ ತಿಂಗಳಿಗೆ ಗ್ಯಾರಂಟಿ ಅಲ್ಲ.

ವೋಲ್ಟೇಜ್ ಇನ್ನೂ ಏರಿಸು ಅಂತ ಸಲಹೆ ಬಂತು. ಹೀಟ್‌ಸಿಂಕ್ ಇಲ್ಲದ ಪಟ್ಟಿಗೆ ಬೇಸಿಗೆಯಲ್ಲಿ ಇನ್ನಷ್ಟು ಬಿಸಿ ತುಂಬುವುದು ನನಗೆ ಸರಿ ಕಾಣಲಿಲ್ಲ. ಬದಲಿಗೆ 2933ಕ್ಕೆ ಇಳಿಸಿದೆ, ಸಿಎಲ್ 16 ಮಾಡಿದೆ. ವೋಲ್ಟೇಜ್ ಅದೇ 1.35. ಬೇಸರದಲ್ಲೇ ಮಾಡಿದ ಕೆಲಸ. ಆದರೆ ಪೆನ್ನು ಹಿಡಿದು ಲೆಕ್ಕ ಹಾಕಿದಾಗ ಮುಖ ಅರಳಿತು. 2666, ಸಿಎಲ್19 ಇದ್ದಾಗ ಒಂದು ಓದಿಗೆ ಸಿಎಲ್ ತಿನ್ನುವ ಸಮಯ 14.25 ನ್ಯಾನೊಸೆಕೆಂಡ್. 3200, ಸಿಎಲ್18ರಲ್ಲಿ 11.25. 2933, ಸಿಎಲ್16ರಲ್ಲಿ 10.9! ವೇಗ ಇಳಿಸಿದ್ದರೂ ತಡ ಕಡಿಮೆಯಾಗಿದೆ. ಸೆಕೆಂಡಿಗೆ ಸಾಗಿಸುವ ಲೆಕ್ಕ, ಅಂದರೆ ಬ್ಯಾಂಡ್‌ವಿಡ್ತ್ ಮಾತ್ರ 51.2 ಜಿಬಿಯಿಂದ ಸುಮಾರು 46.9ಕ್ಕೆ ಬಂತು. ಅಕ್ಕನ ಮಗನಿಗೆ ಹೇಳದೆ ಇಳಿಸಿದ್ದೆ. ಮುಂದಿನ ರಜೆಯಲ್ಲಿ ಬಂದು ಆಡಿದ, ಅವನಿಗೆ ಗೊತ್ತೇ ಆಗಲಿಲ್ಲ. 2933 ಅಂದರೆ 3400ಜಿಗೆ ಎಎಂಡಿಯೇ ಅಧಿಕೃತವಾಗಿ ಹೇಳಿದ ಮಿತಿ. ಮೆಮೊರಿ ಕಂಟ್ರೋಲರ್‌ಗೂ ಸಲೀಸು. ಕರೆಂಟು ಹೋಗಿ ಬಂದರೂ ಏಳುತ್ತದೆ, ಮಧ್ಯಾಹ್ನದ ಸೆಕೆಯಲ್ಲೂ ಟೆಸ್ಟ್‌ಮೆಮ್5 ಎರರ್ ತೋರಿಸುತ್ತಿಲ್ಲ.

ಸ್ಟಾರ್ ಎಷ್ಟು? ಸ್ಟಿಕ್‌ಗೆ ನಾಲ್ಕು ಕೊಡುತ್ತೇನೆ. ಬರೆದ ವೇಗಕ್ಕಿಂತ ಮೇಲೆ ಓಡಿ ವರ್ಷವಿಡೀ ದುಡಿಯುತ್ತಿದೆ, ಅಗ್ಗದ ಮಾಲಿನಿಂದ ಇನ್ನೇನು ಕೇಳುವುದು? 3200ರ ಓವರ್‌ಕ್ಲಾಕ್‌ಗೆ ಎರಡೂವರೆ. ತೋರಿಸಲು ಚೆಂದ, ಅಂಗಡಿ ನಡೆಸಲು ಅಲ್ಲ.

ಆಗ ಇದನ್ನು ಕೊಳ್ಳುವಾಗ ಎಕ್ಸ್‌ಎಂಪಿ ಇರುವ 3200ರ ಕಿಟ್‌ಗೆ ಇನ್ನೂ ಸ್ವಲ್ಪ ದುಡ್ಡು ಹಾಕಬೇಕಿತ್ತಾ ಅಂತ ಕೆಲವರು ಕೇಳಿದ್ದಾರೆ. ವ್ಯತ್ಯಾಸ ಸಣ್ಣದಿದ್ದರೆ ಖಂಡಿತ ಅದನ್ನೇ ತಗೊಳ್ಳಿ, ಈ ತಲೆಬಿಸಿ ಯಾಕೆ. ಈಗ ಮಾತ್ರ ಆ ಲೆಕ್ಕವೇ ಬದಲಾಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಬಾಚಿಕೊಳ್ಳತೊಡಗಿ 2025ರ ಕೊನೆಗೆ ರ‍್ಯಾಮ್ ಬೆಲೆ ಮೇಲೆ ಹೋಯಿತು. ಗ್ರಾಹಕರಿಗೆ ಕ್ರೂಶಿಯಲ್ ಹೆಸರಲ್ಲಿ ಮಾರುವುದನ್ನು ನಿಲ್ಲಿಸುತ್ತೇವೆ ಅಂತ ಮೈಕ್ರಾನ್ ಆ ಡಿಸೆಂಬರಿನಲ್ಲೇ ಹೇಳಿತು. ಹೀಗಿರುವಾಗ ಮನೆಯಲ್ಲಿರುವ 2400, 2666ರ ಸ್ಟಿಕ್ ಎಸೆದು ಹೊಸದು ತರುವ ಮೊದಲು ಒಂದು ಸಂಜೆ ಬಯೋಸ್‌ನಲ್ಲಿ ಕೂತು ನೋಡಿ. ಎಎಂಡಿಯ ಎ320 ಬೋರ್ಡಿನಲ್ಲೂ ಪ್ರೊಸೆಸರ್ ಓವರ್‌ಕ್ಲಾಕ್ ಆಗದಿದ್ದರೂ ರ‍್ಯಾಮ್ ಏರಿಸಲು ಬರುತ್ತದೆ. ಇಂಟೆಲ್ ಕಡೆಯ ಎಚ್410, ಬಿ460 ಬೋರ್ಡಿನವರು ಮಾತ್ರ ಸುಮ್ನೆ ಹುಡುಕಬೇಡಿ. ಅಲ್ಲಿ ಪ್ರೊಸೆಸರ್ ಹೇಳಿದ ಮಿತಿಗೇ ಬಾಗಿಲು ಹಾಕಿದೆ. ಬಿ ಸರಣಿಯಲ್ಲಿ ಆ ಬಾಗಿಲು ತೆರೆದದ್ದು 2021ರ ಬಿ560ರಲ್ಲಿ.