ಸೀ ಸಿಕ್‌ನೆಸ್‌ಗೆ ಮಾತ್ರೆನಾ, ಪ್ಯಾಚಾ, ಬ್ಯಾಂಡಾ, ಶುಂಠಿನಾ? ನಮ್ಮನೆಯವ್ರ ಮೇಲೆಲ್ಲಾ ಟ್ರೈ ಮಾಡಿ ನೋಡಿದ ಹೋಲಿಕೆ

ಫ್ಯಾಮಿಲಿ ಕ್ರೂಸ್‌ಗೆ ಹೊರಡೋವ್ರು ಎಲ್ಲರೂ ಮೊದ್ಲು ಕೇಳೋದು "ವಾಂತಿಗೆ ಯಾವ ಮಾತ್ರೆ ಒಳ್ಳೇದು" ಅಂತ. ನನ್ನ ಕೇಳಿದ್ರೆ ಅದು ಎರಡನೇ ಪ್ರಶ್ನೆ. ಮೊದಲನೇದು ಕ್ಯಾಬಿನ್ ಎಲ್ಲಿ ಅನ್ನೋದು, ಯಾಕಂದ್ರೆ ಮಾತ್ರೆ ಮರೆತು ಹೋದ್ರೆ ಹಡಗಲ್ಲೇ ಕೇಳಿ ಇಸ್ಕೋಬಹುದು, ಆದ್ರೆ ಮುಂದ್ಗಡೆ ಮೇಲಿನ ಡೆಕ್ಕಲ್ಲಿ ಬುಕ್ ಮಾಡಿರೋ ರೂಮನ್ನ ಸಮುದ್ರದ ಮಧ್ಯೆ ಎತ್ಕೊಂಡು ಬೇರೆ ಕಡೆ ಇಡಕ್ಕಾಗಲ್ಲ.

ನಮ್ಮನೇಲಿ ಒಬ್ಬೊಬ್ಬರ ಹೊಟ್ಟೆ ಒಂದೊಂಥರ. ಯಜಮಾನ್ರು ಕಾರಲ್ಲಿ ಹಿಂದಿನ ಸೀಟಲ್ಲಿ ಕೂತು ಫೋನ್ ನೋಡಿದ್ರೇ ಮುಖ ಬಿಳಿಚಿಕೊಳ್ಳತ್ತೆ. ನಂಗೆ ಮೈಗ್ರೇನ್ ಇದೆ, ಮೈಗ್ರೇನ್ ಇರೋವ್ರಿಗೆ ಈ ಕಾಟ ಜಾಸ್ತಿನೇ. ಮಗಳಿಗೆ ಎಂಟು ವರ್ಷ, ಇದು ಜೋರಾಗಿರೋ ವಯಸ್ಸೇ ಅದು. ಚಿಕ್ಕೋನಿಗೆ ಇನ್ನೂ ಎರಡು ತುಂಬಿಲ್ಲ, ಆ ವಯಸ್ಸಲ್ಲಿ ಸಾಮಾನ್ಯವಾಗಿ ಬರೋದೇ ಇಲ್ಲ, ಅವ್ನು ಹಾಯಾಗಿದ್ದ. ನಮ್ಮತ್ತೆನೂ ಹಾಯಾಗಿದ್ರು, ವಯಸ್ಸಾಗ್ತಾ ಇದು ಕಮ್ಮಿ ಆಗತ್ತಂತೆ, ಅವ್ರು ಹೊಟ್ಟೆ ತುಂಬಾ ಊಟ ಮಾಡ್ಕೊಂಡು ಬಂದು ನಮ್ಮನ್ನ ನೋಡಿ "ಪಾಪ" ಅಂತಿದ್ರು. ಹಾಗಾಗಿ ಕೆಳಗೆ ಬರ್ದಿರೋದೆಲ್ಲ ಮುಖ್ಯವಾಗಿ ಮೂರು ಜನರ ಅನುಭವ, ಅದ್ರಲ್ಲೂ ಯಜಮಾನ್ರದ್ದು.

ಕ್ಯಾಬಿನ್ ವಿಷ್ಯ ಮೊದ್ಲು ಮುಗಿಸ್ತೀನಿ. ನಾವು ಎರಡೂ ಥರ ಇದ್ದು ನೋಡಿದೀವಿ, ಮೇಲೆ ಮುಂಭಾಗದ ಬಾಲ್ಕನಿ ರೂಮು, ಇನ್ನೊಂದ್ಸಲ ಕೆಳಗಿನ ಡೆಕ್ಕಲ್ಲಿ ಹಡಗಿನ ನಟ್ಟನಡುವೆ ಕಿಟಕಿ ಇರೋ ರೂಮು. ಫೋಟೋಗೆ ಮೊದಲನೇದು, ನೆಮ್ಮದಿಗೆ ಎರಡನೇದು, ಅದ್ರಲ್ಲಿ ಚರ್ಚೆನೇ ಇಲ್ಲ. ಹಡಗು ಅಲೆ ಹತ್ತಿ ಇಳಿಯೋವಾಗ ಮಕ್ಕಳಾಡೋ ಸೀ-ಸಾ ಹಲಗೆ ಥರ ಎರಡೂ ತುದಿ ಎದ್ದು ಬೀಳತ್ತೆ, ನಡುವಿಗೆ ಅಷ್ಟು ಗೊತ್ತಾಗಲ್ಲ. ಪಕ್ಕಕ್ಕೆ ವಾಲಾಡೋವಾಗ ಮೇಲೆ ಹೋದಷ್ಟೂ ಓಲಾಟ ಜಾಸ್ತಿ. ಬುಕಿಂಗ್ ಏಜೆಂಟ್ ಹತ್ರ ಕೇಳಿದ್ರೆ "ಸ್ಟೆಬಿಲೈಜರ್ ಇದೆ ಮೇಡಂ, ಏನೂ ಗೊತ್ತಾಗಲ್ಲ" ಅಂತಾರೆ. ಸ್ಟೆಬಿಲೈಜರ್ ಅಂದ್ರೆ ನೀರೊಳಗೆ ಎರಡು ಕಡೆ ಚಾಚ್ಕೊಳ್ಳೋ ರೆಕ್ಕೆ, ಅದು ಪಕ್ಕಕ್ಕೆ ವಾಲೋದನ್ನ ಚೆನ್ನಾಗೇ ಕಮ್ಮಿ ಮಾಡತ್ತೆ, ಆದ್ರೆ ಹಡಗಿನ ಮೂತಿ ಎದ್ದು ಬೀಳೋದನ್ನ ಅದು ತಡೆಯಲ್ಲ, ಹಡಗಿನ ಸ್ಪೀಡ್ ಕಮ್ಮಿ ಆದ್ರೆ ರೆಕ್ಕೆ ಕೆಲಸಾನೂ ಕಮ್ಮಿ. ಹೊಟ್ಟೆ ತೊಳಸೋ ಹಾಗೆ ಮಾಡೋದು ಮುಖ್ಯವಾಗಿ ಈ ಮೇಲೆ ಕೆಳಗೆ ಆಗೋ ಚಲನೆನೇ, ಅದ್ರಲ್ಲೂ ಸುಮಾರು 5 ಸೆಕೆಂಡಿಗೊಂದ್ಸಲ ಬರೋ ನಿಧಾನದ ಏರಿಳಿತ.

ಕಿಟಕಿ ಇಲ್ಲದ ಒಳಗಿನ ರೂಮು ಅಗ್ಗ ಅಂತ ಆಸೆ ಆಗತ್ತೆ. ರಾತ್ರಿ ಕಣ್ಮುಚ್ಚಿ ಮಲಗೋಕೆ ಅದ್ರಲ್ಲಿ ತೊಂದ್ರೆ ಇಲ್ಲ, ಮಲಗಿದ್ರೆ ಹೇಗೂ ಕಮ್ಮಿ ಆಗತ್ತೆ. ಎದ್ದಿರೋವಾಗ ಕಷ್ಟ. ಒಳಕಿವಿ "ಅಲ್ಲಾಡ್ತಿದೀವಿ" ಅನ್ನತ್ತೆ, ಕಣ್ಣು ಗೋಡೆ ನೋಡಿ "ಎಲ್ಲಾ ಸ್ಥಿರವಾಗಿದೆ" ಅನ್ನತ್ತೆ, ಈ ಜಗಳಕ್ಕೇ ವಾಕರಿಕೆ ಶುರು ಆಗೋದು. ಕಿಟಕಿ ಇದ್ರೆ ದೂರದಲ್ಲಿ ನೀರು ಆಕಾಶ ಸೇರೋ ಗೆರೆ ನೋಡಿದ್ರೆ ಎರಡೂ ಒಂದೇ ಮಾತು ಹೇಳ್ತವೆ. ಮಗಳಿಗೆ ಟ್ಯಾಬ್ ಕಿತ್ಕೊಂಡು ಈ ಗೆರೆ ನೋಡು ಅಂತ ಕೂರ್ಸೋದು ಅರ್ಧ ಔಷಧಿ, ಟ್ಯಾಬ್ ಕಿತ್ಕೊಳ್ಳೋದು ಉಳಿದರ್ಧ.

ದಾರಿ ಬಗ್ಗೆನೂ ಎರಡು ಮಾತು. ಅಲಾಸ್ಕಾದ ಇನ್‌ಸೈಡ್ ಪ್ಯಾಸೇಜ್, ನಾರ್ವೆ ಫಿಯೋರ್ಡ್‌ಗಳ ಒಳಗೆ, ಇಂಥ ಕಡೆ ಸುತ್ತ ನೆಲ ಇರೋದ್ರಿಂದ ಅಲೆ ಕಮ್ಮಿ. ಬಿಸ್ಕೆ ಕೊಲ್ಲಿ, ನಾರ್ತ್ ಸೀ, ಅಂಟಾರ್ಕ್ಟಿಕಾಗೆ ಹೋಗೋ ಡ್ರೇಕ್ ಪ್ಯಾಸೇಜ್, ಇವು ಒರಟುತನಕ್ಕೇ ಹೆಸರುವಾಸಿ. ಕೆರಿಬಿಯನ್‌ನಲ್ಲಿ ಚಂಡಮಾರುತದ ಸೀಸನ್ ಜೂನ್ 1ರಿಂದ ನವೆಂಬರ್ 30ರ ತನಕ, ಆಗ ಟಿಕೆಟ್ ಅಗ್ಗ ಇರೋದಕ್ಕೆ ಕಾರಣನೂ ಅದೇ. ವಾಂತಿ ಅಂದ್ರೆ ತೀರಾ ಹೆದರಿಕೆ ಇದ್ರೆ ನದಿ ಕ್ರೂಸ್ ನೋಡಿ, ಅಲ್ಲಿ ಈ ಪುರಾಣನೇ ಇಲ್ಲ.

ಈಗ ಮಾತ್ರೆ. ಇಲ್ಲಿ ನಿಜವಾದ ಸ್ಪರ್ಧೆ ಇರೋದು ಡೈಮೆನ್‌ಹೈಡ್ರಿನೇಟ್‌ಗೂ ಮೆಕ್ಲಿಜಿನ್‌ಗೂ. ಡೈಮೆನ್‌ಹೈಡ್ರಿನೇಟ್ ಬೇಗ ಹಿಡಿಯತ್ತೆ, ಅರ್ಧ ಮುಕ್ಕಾಲು ಗಂಟೆ ಸಾಕು, ಆದ್ರೆ 4ರಿಂದ 6 ಗಂಟೆಗೊಂದ್ಸಲ ಮತ್ತೆ ತಗೋಬೇಕು, ಮತ್ತೆ ನಿದ್ದೆ ಅಂದ್ರೆ ನಿದ್ದೆ, ಯಜಮಾನ್ರು ಅದನ್ನ ತಗೊಂಡ ದಿನ ವಾಂತಿ ಮಾಡ್ಕೊಳ್ಳಲಿಲ್ಲ ನಿಜ, ಆದ್ರೆ ಬೆಳಗ್ಗೆ ಡೆಕ್ ಮೇಲಿನ ಕುರ್ಚೀಲಿ ಕೂತವ್ರು ಮಧ್ಯಾಹ್ನ ಊಟದ ಹೊತ್ತಿಗೂ ಅದೇ ಕುರ್ಚೀಲಿ ಬಾಯಿ ತೆಕ್ಕೊಂಡು ಮಲಗಿದ್ರು, ನಾನು ಎರಡು ಮಕ್ಕಳನ್ನ ಒಬ್ಬಳೇ ಸುಧಾರಿಸ್ಕೊಂಡೆ. ಮೆಕ್ಲಿಜಿನ್ ನಿಧಾನ, ಹೊರಡೋಕೆ ಕನಿಷ್ಠ ಒಂದು ಗಂಟೆ ಮುಂಚೆ ತಗೋಬೇಕು, ದೊಡ್ಡವ್ರಿಗೆ 25ರಿಂದ 50 ಮಿಲಿಗ್ರಾಂ, ದಿನಕ್ಕೊಂದ್ಸಲ ಸಾಕು, ನಿದ್ದೆ ಬರತ್ತೆ ಆದ್ರೆ ಅಷ್ಟಿಲ್ಲ. ನಾನು ಅದನ್ನ ರಾತ್ರಿ ಮಲಗೋ ಮುಂಚೆ ತಗೊಂಡೆ, ಬರೋ ನಿದ್ದೆ ರಾತ್ರಿಗೇ ಖರ್ಚಾಗತ್ತೆ, ಬೆಳಗ್ಗೆಗೆ ಔಷಧಿ ಮೈಯಲ್ಲಿ ಇರತ್ತೆ. ಬಾಯಿ ಸ್ವಲ್ಪ ಒಣಗತ್ತೆ ಅಷ್ಟೇ. ನನ್ನಂಥ ಮಧ್ಯಮ ದರ್ಜೆ ಗಿರಾಕಿಗಳಿಗೆ ಇದೇ ಗೆದ್ದಿದ್ದು.

ಆದ್ರೆ ಮಗಳಿಗೆ ಇದು ಆಗಲ್ಲ, ಮೆಕ್ಲಿಜಿನ್ ಲೇಬಲ್ ಮೇಲೆ 12 ವರ್ಷದ ಕೆಳಗಿನವ್ರಿಗೆ ಬೇಡ ಅಂತಿರತ್ತೆ. ಡೈಮೆನ್‌ಹೈಡ್ರಿನೇಟ್ ಮಾತ್ರ 2 ವರ್ಷದ ಮೇಲ್ಪಟ್ಟ ಮಕ್ಕಳಿಗೂ ಇದೆ, ಡೋಸ್ ವಯಸ್ಸಿನ ಮೇಲೆ, ಅದನ್ನ ಮಕ್ಕಳ ಡಾಕ್ಟ್ರನ್ನೇ ಕೇಳಿ. ಒಂದು ಮಾತು, ಈ ಔಷಧಿ ಕೆಲವು ಮಕ್ಕಳಿಗೆ ನಿದ್ದೆ ಬದ್ಲು ಉಲ್ಟಾ ಹೊಡೆದು ಕುಣಿಯೋ ಹಾಗೆ ಮಾಡತ್ತೆ. ಅದಕ್ಕೇ ಡಾಕ್ಟ್ರನ್ನ ಕೇಳಿ ಒಂದು ರಜಾದಿನ ಮನೇಲೇ ಒಂದು ಡೋಸ್ ಕೊಟ್ಟು ನೋಡಿದ್ವಿ, ಮಗಳು ಮಧ್ಯಾಹ್ನ ಪೂರ್ತಿ ಮಲಗಿದ್ಲು, ಸರಿ ಇವ್ಳು ಮಲಗೋ ಪೈಕಿ ಅಂತ ಗೊತ್ತಾಯ್ತು.

ಪ್ಯಾಕೆಟ್ ಹೆಸ್ರು ನೋಡಿ ಮಾತ್ರ ತಗೋಬೇಡಿ. ಡ್ರಾಮಮೈನ್ ಅನ್ನೋ ಒಂದೇ ಬ್ರ್ಯಾಂಡಲ್ಲಿ ಒಂದು ಡಬ್ಬೀಲಿ ಡೈಮೆನ್‌ಹೈಡ್ರಿನೇಟ್, "ಲೆಸ್ ಡ್ರೌಜಿ" ಅಂತಿರೋ ಡಬ್ಬೀಲಿ ಮೆಕ್ಲಿಜಿನ್, "ನಾನ್ ಡ್ರೌಜಿ" ಅಂತಿರೋದ್ರಲ್ಲಿ ಬರೀ ಶುಂಠಿ. ಮೂರೂ ಅಕ್ಕಪಕ್ಕ ಇಟ್ಟಿರ್ತಾರೆ. ಹಿಂದೆ ತಿರುಗ್ಸಿ ಒಳಗೇನಿದೆ ಅಂತ ಓದಿ. ಇನ್ನೊಂದು, ಡೈಮೆನ್‌ಹೈಡ್ರಿನೇಟ್ ಒಳಗಿರೋದು ಡೈಫೆನ್‌ಹೈಡ್ರಮಿನ್ನೇ, ಅಲರ್ಜಿ ಮಾತ್ರೆ, ಶೀತದ ಸಿರಪ್‌ಗಳಲ್ಲೂ ಅದು ಇರತ್ತೆ, ಎರಡನ್ನೂ ಒಟ್ಟಿಗೆ ಕೊಟ್ರೆ ಡಬಲ್ ಡೋಸ್ ಆಗೋಗತ್ತೆ.

ಸಿನ್ನರಿಜಿನ್ ಮತ್ತೆ ಪ್ರೊಮೆಥಜಿನ್ ಅನ್ನೋ ಇನ್ನೆರಡು ಮಾತ್ರೆ ಬಗ್ಗೆ ಚಿಕ್ಕದಾಗಿ. ಸಿನ್ನರಿಜಿನ್ ಯೂರೋಪ್ ಏಷ್ಯಾದಲ್ಲಿ ಸಿಗತ್ತೆ, ಅಮೆರಿಕದಲ್ಲಿ ಸಿಗಲ್ಲ, ಅಲ್ಲಿಂದ ಹಡಗು ಹತ್ತೋವ್ರು ಮುಂಚೇನೇ ಇಟ್ಕೋಬೇಕು. ನಂಗೆ ಅದ್ರಲ್ಲೂ ಮೆಕ್ಲಿಜಿನ್‌ನಲ್ಲೂ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ. ಪ್ರೊಮೆಥಜಿನ್ ಜೋರು, ಮಂಪರೂ ಅಷ್ಟೇ ಜೋರು, 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರ್ದು, ಉಸಿರಾಟಕ್ಕೇ ತೊಂದ್ರೆ ಆಗಬಹುದು. ರಜಾ ಎಂಜಾಯ್ ಮಾಡೋಕೆ ಇದು ಮಾತ್ರೆ ಅಲ್ಲ, ಕೈಮೀರಿದಾಗ ಹಡಗಿನ ಡಾಕ್ಟ್ರು ಕೊಡೋದು.

ಪ್ಯಾಚ್ ಕಥೆ ಬೇರೆ. ಸ್ಕೋಪೊಲಮಿನ್ ಪ್ಯಾಚ್, ಬಟಾಣಿಗಿಂತ ಸ್ವಲ್ಪ ದೊಡ್ಡ ಸ್ಟಿಕ್ಕರು, ಕಿವಿ ಹಿಂದೆ ಕೂದ್ಲಿಲ್ಲದ ಜಾಗದಲ್ಲಿ ಅಂಟಿಸ್ಬೇಕು, ಕನಿಷ್ಠ 4 ಗಂಟೆ ಮುಂಚೆ, ಮೂರು ದಿನ ಬರತ್ತೆ. ಡಾಕ್ಟ್ರ ಚೀಟಿ ಬೇಕು. ಯಜಮಾನ್ರಿಗೆ ಇದು ನಿಜವಾಗ್ಲೂ ವರ, ಎಲ್ಲರೂ ಕೈಗಂಬಿ ಹಿಡ್ಕೊಂಡು ನಡೀತಿದ್ದ ದಿನ ಅವ್ರು ಬಫೆಗೆ ಹೋಗಿ ಎರಡನೇ ಪ್ಲೇಟ್ ಹಾಕ್ಕೊಂಡ್ರು, ಅದನ್ನ ನೋಡಿ ನಂಗೇ ಹೊಟ್ಟೆ ತೊಳಸ್ತು. ಬೆಲೆ ಏನು ಅಂದ್ರೆ, ಬಾಯಿ ಪೂರ್ತಿ ಒಣಗತ್ತೆ, ಹತ್ರದ ಅಕ್ಷರ ಮಸುಕು, ಮೆನು ಓದೋಕೆ ನನ್ನ ಕೈಗೆ ಕೊಡ್ತಿದ್ರು. ಪ್ಯಾಚ್ ಮುಟ್ಟಿದ ಕೈಯನ್ನ ಸೋಪು ಹಾಕಿ ತೊಳೀದೆ ಕಣ್ಣು ಉಜ್ಜಿದ್ರೆ ಆ ಕಣ್ಣಿನ ಪಾಪೆ ದೊಡ್ಡದಾಗಿ ಕೂತ್ಬಿಡತ್ತೆ, ನೋಡಿದವ್ರು ಸ್ಟ್ರೋಕ್ ಅನ್ಕೋಬೇಕು ಹಾಗೆ. ಬೆವರು ಕಮ್ಮಿ ಆಗೋದ್ರಿಂದ ಸುಡು ಬಿಸಿಲಲ್ಲಿ ಮೈ ಬಿಸಿ ಏರೋ ಅಪಾಯ ಇದೆ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಇದ್ರ ಬಗ್ಗೆನೇ ಎಚ್ಚರಿಕೆ ಕೊಟ್ಟಿದೆ. ಮಕ್ಕಳಿಗೆ ಬೇಡವೇ ಬೇಡ, ಕತ್ತರಿಸಿ ಅರ್ಧ ಅಂಟಿಸೋ ಐಡಿಯಾನೂ ಬೇಡ. ಗ್ಲಾಕೋಮಾ (ಕಣ್ಣೊಳಗಿನ ಒತ್ತಡದ ಕಾಯಿಲೆ) ಇರೋವ್ರಿಗೆ ತೊಂದ್ರೆ, ವಯಸ್ಸಾದವ್ರಿಗೆ ಗೊಂದಲ, ಮರೆವು, ಭ್ರಮೆ ಥರ ಆಗಬಹುದು, ನಮ್ಮತ್ತೆ "ನಂಗೂ ಒಂದು ಅಂಟಿಸಿ ಬಿಡು" ಅಂದ್ರು, "ಅತ್ತೆ, ನಿಮಗೆ ಏನೂ ಆಗಿಲ್ಲ, ಸುಮ್ನಿರಿ" ಅಂದೆ.

ಬ್ಯಾಂಡ್ ಮತ್ತೆ ಶುಂಠಿ ಒಂದೇ ಗುಂಪಿಗೆ ಹಾಕ್ತೀನಿ, ಅಪಾಯ ಇಲ್ಲ, ಗ್ಯಾರಂಟಿನೂ ಇಲ್ಲ. ಬ್ಯಾಂಡ್ ಅಂದ್ರೆ ಮಣಿಕಟ್ಟಿಗೆ ಹಾಕೋ ಎಲಾಸ್ಟಿಕ್ ಪಟ್ಟಿ, ಒಳಗೊಂದು ಪ್ಲಾಸ್ಟಿಕ್ ಗುಂಡಿ, ಅದು ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಕೆಳಗೆ, ಮೊಣಕೈ ಕಡೆಗೆ, ಎರಡು ನರದ ಥರ ಕಾಣತ್ತಲ್ಲ ಅವುಗಳ ಮಧ್ಯೆ ಒತ್ತಬೇಕು. ಸುಮಾರು ಜನ ವಾಚ್ ಹಾಕೋ ಜಾಗದಲ್ಲಿ ಹಾಕ್ಕೊಂಡು ಕೆಲಸ ಮಾಡ್ಲಿಲ್ಲ ಅಂತಾರೆ. ಮಗಳು ಬ್ಯಾಂಡ್ ಹಾಕ್ಕೊಂಡ್ರೆ ಧೈರ್ಯವಾಗಿರ್ತಾಳೆ, ಅದು ಬ್ಯಾಂಡಿಂದನೋ ನಂಬಿಕೆಯಿಂದನೋ ಅಂತ ನಾನು ತಲೆ ಕೆಡಿಸ್ಕೊಳ್ಳಲ್ಲ. ಯಜಮಾನ್ರಿಗೆ ಮಾತ್ರ ಕೈಗೊಂದು ಕೆಂಪು ಗುರುತು ಬಿಟ್ರೆ ಏನೂ ಉಪಯೋಗ ಆಗ್ಲಿಲ್ಲ. ಶುಂಠಿ ವಿಷ್ಯದಲ್ಲಿ ಹಳೇ ಪರೀಕ್ಷೆ ಒಂದಿದೆ, 1988ರಲ್ಲಿ ಡೆನ್ಮಾರ್ಕಿನ ನೌಕಾದಳದ ಕೆಡೆಟ್‌ಗಳಿಗೆ 1 ಗ್ರಾಂ ಶುಂಠಿ ಪುಡಿ ಕೊಟ್ಟು ನೋಡಿದ್ರು, ವಾಂತಿ ಕಮ್ಮಿ ಆಯ್ತು, ಆದ್ರೆ ಆಮೇಲಿನ ಪ್ರಯೋಗಗಳು ಎಲ್ಲಾ ಒಂದೇ ಉತ್ತರ ಕೊಟ್ಟಿಲ್ಲ. ನನ್ನ ಅನುಭವದಲ್ಲಿ ಸಣ್ಣ ವಾಕರಿಕೆಗೆ ಶುಂಠಿ ಕ್ಯಾಂಡಿ ಹಿತ, ದೊಡ್ಡ ಅಲೆಗೆ ಅದು ಎಲ್ಲೂ ಸಾಲಲ್ಲ. ಬಾಯಿರುಚಿ ಸರಿ ಆಗತ್ತೆ, ಮಾತ್ರೆ ಜೊತೇಲೂ ತಿನ್ನಬಹುದು, ಅದಕ್ಕೇ ಬ್ಯಾಗಲ್ಲಿ ಯಾವಾಗ್ಲೂ ಇರತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋವ್ರು ಶುಂಠಿ ಕ್ಯಾಪ್ಸೂಲ್‌ಗೆ ಮುಂಚೆ ಡಾಕ್ಟ್ರನ್ನ ಕೇಳಿ.

ನೀಲಿ ನೀರು ತುಂಬಿರೋ ಕನ್ನಡಕನೂ ಇದೆ, ಸಿಟ್ರೋಯೆನ್ ಕಾರ್ ಕಂಪನಿ 2018ರಲ್ಲಿ ಬಿಟ್ಟಿದ್ದು, ಫ್ರೇಮಲ್ಲಿ ಓಡಾಡೋ ನೀರು ಕಣ್ಣಿಗೆ ಕೃತಕವಾಗಿ ಆ ನೀರು ಆಕಾಶ ಸೇರೋ ಗೆರೆ ತೋರ್ಸತ್ತೆ. ಯಜಮಾನ್ರು ಹಾಕ್ಕೊಂಡ್ರು, ಎಲ್ಲರೂ ನಕ್ಕಿದ್ದೇ ಬಂತು.

ಮನೇಲಿ ಮಕ್ಕಳಿಗೆ ವಾಂತಿ ಆದಾಗ ಡಾಕ್ಟ್ರು ಕೊಡ್ತಾರಲ್ಲ ಆಂಡಾನ್ಸೆಟ್ರಾನ್, ಅದನ್ನೇ ಹಡಗಿಗೂ ತಗೊಂಡು ಹೋಗೋರು ತುಂಬಾ ಜನ. ಅದು ಹೊಟ್ಟೆ ಕೆಟ್ಟು ಬರೋ ವಾಂತಿಗೆ ಒಳ್ಳೇದು, ಓಲಾಟದಿಂದ ಬರೋದನ್ನ ತಡೆಯೋದ್ರಲ್ಲಿ ಅದ್ರ ಕೈ ನಡೆಯಲ್ಲ, ದಾರಿನೇ ಬೇರೆ.

ಏನೇ ತಗೊಂಡ್ರೂ ಮುಂಚೆನೇ ತಗೋಬೇಕು. ವಾಕರಿಕೆ ಶುರು ಆದ್ಮೇಲೆ ಹೊಟ್ಟೆ ಖಾಲಿ ಆಗೋದೇ ನಿಧಾನ ಆಗತ್ತೆ, ನುಂಗಿದ ಮಾತ್ರೆ ಅಲ್ಲೇ ಕೂತಿರತ್ತೆ ಇಲ್ಲಾ ವಾಪಸ್ ಬರತ್ತೆ. ಮೇಲಿಂದ ಮದ್ಯ ಬೇಡ, ಎರಡು ಮಾತ್ರೆ ಸೇರ್ಸೋದೂ ಬೇಡ. ಪೂರ್ತಿ ಖಾಲಿ ಹೊಟ್ಟೇಲೂ ಇರಬೇಡಿ, ಬಿಸ್ಕತ್ತು ಥರ ಒಣ ತಿಂಡಿ ಸ್ವಲ್ಪ ಸ್ವಲ್ಪ ತಿಂತಾ ಇರಿ. ಎರಡು ಮೂರು ದಿನ ಕಳೆದ್ರೆ ಹೆಚ್ಚಿನವ್ರಿಗೆ ಮೈ ಒಗ್ಗತ್ತೆ, ಎಲ್ಲರಿಗೂ ಅಲ್ಲ, ಚಾರ್ಲ್ಸ್ ಡಾರ್ವಿನ್ 1831ರಲ್ಲಿ ಬೀಗಲ್ ಹಡಗು ಹತ್ತಿದವ್ರು ಆ ಪ್ರಯಾಣದುದ್ದಕ್ಕೂ ಒದ್ದಾಡಿದ್ರು. ಸಮುದ್ರ ಶಾಂತವಾಗಿದ್ದಾಗ್ಲೂ ವಾಂತಿ, ಜೊತೆಗೆ ಭೇದಿ ಜ್ವರ ಬಂದ್ರೆ ಅದು ಓಲಾಟ ಅಲ್ಲ, ಬೇಗ ಹರಡೋ ಹೊಟ್ಟೆ ಸೋಂಕು ನೊರೋವೈರಸ್ ಇರಬಹುದು, ಹಡಗಿನ ಮೆಡಿಕಲ್ ಸೆಂಟರ್‌ಗೆ ಹೇಳಿ, ಮುಚ್ಚಿಡಬೇಡಿ.

ಇಳಿದ ಮೇಲೂ ಕಥೆ ಇದೆ. ನಂಗೆ ಮನೆಗೆ ಬಂದ ಮೇಲೂ ನೆಲ ತೂಗಾಡೋ ಹಾಗೆ ಅನ್ನಿಸ್ತಿತ್ತು, ಇದು ಸಾಮಾನ್ಯ, ಒಂದೆರಡು ದಿನಕ್ಕೆ ಹೋಗತ್ತೆ, ಅಪರೂಪಕ್ಕೆ ಕೆಲವ್ರಿಗೆ ತಿಂಗಳುಗಟ್ಟಲೆ ಉಳಿಯತ್ತೆ, ಹಾಗಾದ್ರೆ ಡಾಕ್ಟ್ರ ಹತ್ರ ಹೋಗ್ಬೇಕು. ಪ್ಯಾಚ್ ಹಾಕಿದವ್ರಿಗೆ ಇದ್ರ ಜೊತೆ ಇನ್ನೊಂದು ಇದೆ, ಹಲವು ದಿನ ಅಂಟಿಸಿ ತೆಗೆದ್ರೆ ಒಂದು ದಿನ ಬಿಟ್ಟು ತಲೆಸುತ್ತು, ವಾಕರಿಕೆ ಮತ್ತೆ ಬರಬಹುದು. ಯಜಮಾನ್ರು ಅದನ್ನ ಹಡಗಿನ ತಲೆಸುತ್ತು ಅಂತಾನೇ ವಾದ ಮಾಡ್ತಾರೆ, ನಾನು ಪ್ಯಾಚಿಂದು ಅಂತೀನಿ, ಹಾಗಾಗಿ ಇಳಿದ ಮಾರನೇ ದಿನವೇ ಆಫೀಸ್‌ಗೆ ಹೋಗೋ ಹಾಗೆ ಪ್ಲಾನ್ ಮಾಡಬೇಡಿ, ಕಾರ್ ಓಡ್ಸೋದಂತೂ ಬೇಡ.