ಎರಡು ಸಲ ಒತ್ತಬೇಕಾದ ಕೆಂಪು ಬಟನ್: ಸೆಕೆಂಡ್ ಹ್ಯಾಂಡ್ ಆಡಿಯೋ ರೆಕಾರ್ಡರ್ ಜೊತೆ ಆರು ವರ್ಷ

ಮೊದಲೇ ಹೇಳಿಬಿಡುತ್ತೇನೆ. ಈ ರೆಕಾರ್ಡರ್‌ನಲ್ಲಿ ರೆಕಾರ್ಡ್ ಬಟನ್ ಎರಡು ಸಲ ಒತ್ತಬೇಕು. ಒಂದು ಸಲ ಒತ್ತಿದರೆ ಕೆಂಪು ದೀಪ ಮಿಣುಕುತ್ತದೆ, ಮೀಟರ್ ಕುಣಿಯುತ್ತದೆ, ಹೆಡ್‌ಫೋನಿನಲ್ಲಿ ಎಲ್ಲಾ ಚೆನ್ನಾಗಿ ಕೇಳಿಸುತ್ತದೆ. ಆದರೆ ಕಾರ್ಡಿಗೆ ಏನೂ ಹೋಗುವುದಿಲ್ಲ. ಇನ್ನೊಂದು ಸಲ ಒತ್ತಿ, ದೀಪ ನಿಂತು ಉರಿದು, ಸೆಕೆಂಡ್ ಓಡತೊಡಗಿದರೆ ಮಾತ್ರ ಕೆಲಸ ಶುರು. ಇದನ್ನು ಮಾಡಿದ ಪುಣ್ಯಾತ್ಮ ಯಾರೋ, ಅವನ ಮನೆ ಕಾಲಿಂಗ್ ಬೆಲ್ಲೂ ಹೀಗೇ ಇರಲಿ ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಜಾತಿಯವು ಹಲವು ಇವೆ. ಮುಷ್ಟಿಯಲ್ಲಿ ಹಿಡಿಸುವ ಗಾತ್ರ, ತಲೆ ಮೇಲೆ ಎರಡು ಮೈಕು, ಹೊಟ್ಟೆಯಲ್ಲಿ ಗೋಡೆ ಗಡಿಯಾರಕ್ಕೆ ಹಾಕುವ ಎರಡು ಸೆಲ್. ಉಳಿದದ್ದು ನೀವು ನೋಡಿಯೇ ಇರುತ್ತೀರಿ. 2019ರಲ್ಲಿ ಬೆಂಗಳೂರಿನ ಒಬ್ಬರಿಂದ 7,000 ರೂಪಾಯಿಗೆ ತಗೊಂಡೆ. ಆ ದುಡ್ಡಿಗೆ ಹಳೇ ಲೆನ್ಸ್ ಒಂದು ಬರುತ್ತಿತ್ತು. ಗೆಳೆಯರೆಲ್ಲ ಲೆನ್ಸೇ ತಗೋ ಅಂದರು.

ತಗೊಳ್ಳಲಿಲ್ಲ. ಅದಕ್ಕೆ ಕಾರಣ ಬೋರ್ಡೋ.

ನಾನು ಯಾವ ಸಿನಿಮಾ ಶಾಲೆಗೂ ಹೋದವನಲ್ಲ. ಸಾಗರ ತಾಲೂಕಿನವನು, ಬೆಳಿಗ್ಗೆ ತೋಟ, ಉಳಿದ ಹೊತ್ತು ವಿಡಿಯೋ. ದುಡ್ಡು ಸಿಕ್ಕಿದ ಮೊದಲ ಕೆಲಸ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ಎಂಟು ನಿಮಿಷದ ವಿಡಿಯೋ. ನೀಲಿ ದ್ರಾವಣ, ಹಸಿರು ತೋಟ, ಮರದ ತುದಿಯಲ್ಲಿ ಮದ್ದು ಹೊಡೆಯುವ ಕೊನೆಗೌಡ. ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ನಾನೇ ನಾಲ್ಕು ಸಲ ನೋಡಿದೆ. ಮರುದಿನ ಒಬ್ಬರು ಫೋನ್ ಮಾಡಿದರು. "ತಮ್ಮಾ, ನೂರು ಲೀಟರ್ ನೀರಿಗೆ ಸುಣ್ಣ ಎಷ್ಟು ಅಂದೆ? ಬರೀ ಗಾಳಿ ಕೇಳ್ತದೆ ಮಾರಾಯ." ಸಂಜೆಯೊಳಗೆ ಇನ್ನೂ ಮೂರು ಫೋನ್, ಅದೇ ಪ್ರಶ್ನೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇಡೀ ವಿಡಿಯೋದಲ್ಲಿ ಜನಕ್ಕೆ ಬೇಕಾಗಿದ್ದದ್ದು ಇಷ್ಟು, ಅದೇ ಕೇಳಿಸುತ್ತಿರಲಿಲ್ಲ. ಹೆಗ್ಗೋಡಿನಲ್ಲಿ ನಾಟಕ ನೋಡಿಕೊಂಡು ಬೆಳೆದವನು ನಾನು. ಕೊನೇ ಸಾಲಿಗೆ ಮಾತು ಕೇಳಬೇಕು ಅನ್ನುವುದು ಗೊತ್ತಿಲ್ಲದ ವಿಷಯ ಏನಲ್ಲ. ಆದರೂ ಕ್ಯಾಮೆರಾ ಕೈಗೆ ಬಂದ ಮೇಲೆ ಮರೆತೇ ಹೋಗಿತ್ತು.

ಹಾಗಾಗಿ ರೆಕಾರ್ಡರ್ ಬಂತು. ಹೆಡ್‌ಫೋನ್ ಹಾಕಿ ಅಂಗಳಕ್ಕೆ ಇಳಿದ ಮೊದಲ ಸಂಜೆ ಈಗಲೂ ನೆನಪಿದೆ. ಮಳೆ ಆಗಷ್ಟೇ ಬಿಟ್ಟಿತ್ತು. ಹಂಚಿನಿಂದ ಬೀಳುವ ಹನಿ ಕಲ್ಲಿಗೆ ಬಿದ್ದರೆ ಒಂದು ಸದ್ದು, ಬಾಲ್ದಿಗೆ ಬಿದ್ದರೆ ಇನ್ನೊಂದು, ಒಣ ಹಾಳೆ ಮೇಲೆ ಬಿದ್ದರೆ ಥೇಟ್ ಮದ್ದಳೆ. ಮೂವತ್ತು ವರ್ಷ ಅದೇ ಅಂಗಳದಲ್ಲಿ ಇದ್ದವನಿಗೆ ಅವತ್ತೇ ಅದು ಕೇಳಿಸಿದ್ದು. ಎಷ್ಟು ಹೊತ್ತು ನಿಂತಿದ್ದೆನೋ, ಕಾಲಿಗೆ ಉಂಬಳ ಹತ್ತಿದ್ದೂ ಗೊತ್ತಾಗಿರಲಿಲ್ಲ.

ಮಳೆಗಾಲದ ಆರೈಕೆ ಬಗ್ಗೆ ಹೇಳಬೇಕು, ನಮ್ಮ ಕಡೆಯವರಿಗೆ ಇದೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಇದು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಮಲಗಿರುತ್ತದೆ, ಜೊತೆಗೆ ಸಿಲಿಕಾ ಜೆಲ್ ಹರಳು. ಒಣಗಿದ್ದಾಗ ನೀಲಿ, ತೇವ ಹೀರಿದರೆ ಗುಲಾಬಿ. ಆಗುಂಬೆ ಮಳೆ ಹಿಡಿದ ವಾರದಲ್ಲಿ ಎರಡೇ ದಿನಕ್ಕೆ ಗುಲಾಬಿಯಾಗುತ್ತದೆ. ಆಗ ಬಚ್ಚಲೊಲೆ ಕೆಂಡದ ಮೇಲೆ ಒಂದು ಹಳೇ ತಗಡಿನಲ್ಲಿ ಹಾಕಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆ ಬಾಣಲೆ ಮಾತ್ರ ಮುಟ್ಟಬೇಡಿ, ಆ ನೀಲಿ ಬಣ್ಣ ವಿಷ. ಮೊದಲ ಸಲ ಅಮ್ಮ ಹಣಕಿ ನೋಡಿ "ಎಂತ ಹುರೀತಿದ್ಯೋ, ಸಂಡಿಗೆಯಾ?" ಅಂದಿದ್ದರು. ಗಾಳಿ ತಡೆಯಲು ಸಿಗುವ ರೋಮದ ಟೊಪ್ಪಿಗೆ ಎಂಟುನೂರು ಕೇಳಿದರು. ನಾನು ಹಳೇ ಉಣ್ಣೆ ಟೊಪ್ಪಿ ಕತ್ತರಿಸಿ ಹೊಲಿದೆ. ನೋಡಲು ಇಲಿಮರಿ ಥರ ಇದೆ, ಗಾಳಿ ಮಾತ್ರ ತಡೆಯುತ್ತದೆ. ಸೆಲ್ ಹಾಕುವುದೂ ಇಲ್ಲಿ ದೊಡ್ಡ ಗುಣವೇ. ಮೂರು ದಿನ ಕರೆಂಟ್ ಹೋದರೂ ಊರಿನ ಅಂಗಡಿಯಲ್ಲಿ ಸೆಲ್ ಸಿಗುತ್ತದೆ, ಅಲ್ವಾ?

ಬೋರ್ಡೋ ವಿಡಿಯೋಗೆ ಮತ್ತೆ ಮಾತು ಕೂರಿಸಿ ಕೊಟ್ಟೆ, ದುಡ್ಡು ಕೇಳಲಿಲ್ಲ. ಆಮೇಲೆ ಶಾಲೆ ವಾರ್ಷಿಕೋತ್ಸವ, ಎರಡು ಗೃಹಪ್ರವೇಶ, ಗೆಳೆಯರ ಜೊತೆ ಒಂದು ಕಿರುಚಿತ್ರ. ಅದು ಮುಗಿಯಲೇ ಇಲ್ಲ, ಬಿಡಿ. ನಿಜವಾಗಿ ಕಲಿಸಿದ್ದು ತಾಳಮದ್ದಳೆ. ಮಳೆಗಾಲದಲ್ಲಿ ಒಂದು ಮನೆಯ ದೊಡ್ಡ ಜಗಲಿಯಲ್ಲಿ, ರಾತ್ರಿ ಒಂಬತ್ತರಿಂದ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಎದುರುಬದುರು ಕೂತು ಪಾತ್ರದ ಮಾತಾಡುವ ಅರ್ಥಧಾರಿಗಳು. ಕ್ಯಾಮೆರಾ ಇಟ್ಟು ನೋಡಿದರೆ ತೆಗೆಯುವುದಕ್ಕೆ ಏನೂ ಇಲ್ಲ! ಇರುವುದೆಲ್ಲ ಮಾತು. ವಾಲಿ ರಾಮನನ್ನು ಕೇಳುವ ಪ್ರಶ್ನೆಗೆ ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಗಸರೂ ಉಸಿರು ಹಿಡಿದಿದ್ದರು.

ಅವತ್ತು ಎರಡು ತಪ್ಪು ಮಾಡಿದೆ. ಭಾಗವತರ ಪದ್ಯಕ್ಕೆ ಲೆವೆಲ್ ಹೊಂದಿಸಿ ಕೂತಿದ್ದೆ, ಯುದ್ಧದ ಹೊತ್ತಿಗೆ ಚಂಡೆ ಬಿತ್ತು, ಮೀಟರ್ ಪೂರ್ತಿ ಕೆಂಪು. ಹಾಗೆ ಒಡೆದ ಸದ್ದನ್ನು ಆಮೇಲೆ ಯಾವ ದೇವರೂ ಕೂಡಿಸಲಾರ. ಈಗ ಅತಿ ಜೋರಿನ ಪೆಟ್ಟೂ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸು ನಿಲ್ಲುವಂತೆ ಇಡುತ್ತೇನೆ. ಎರಡನೆಯದು, ಕ್ಯಾಮೆರಾದ ಗಡಿಯಾರವೂ ಇದರ ಗಡಿಯಾರವೂ ಕೂದಲೆಳೆಯಷ್ಟು ಬೇರೆ. ಶುರುವಿನಲ್ಲಿ ಚಪ್ಪಾಳೆ ತಟ್ಟಿ ಹೊಂದಿಸಿದ್ದೆ. ಎರಡು ತಾಸು ಕಳೆಯುವಷ್ಟರಲ್ಲಿ ತುಟಿ ಮುಂದೆ, ಮಾತು ಹಿಂದೆ. ಈಗ ನಡುನಡುವೆ ತುಂಡು ಮಾಡಿ ಹೊಂದಿಸುತ್ತೇನೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್, ಉಚಿತದ್ದು. ಎರಡೂ ಕಡೆಯ ಸದ್ದು ಹೋಲಿಸಿ ಅದೇ ಜೋಡಿಸಿಬಿಡುತ್ತದೆ. 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ತಾಸಿಗೆ ಸುಮಾರು ಒಂದು ಜಿಬಿ. ಹಾಗಾಗಿ 32 ಜಿಬಿ ಕಾರ್ಡ್ ತುಂಬಿದ್ದನ್ನು ನಾನು ಇನ್ನೂ ನೋಡಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ಐದಕ್ಕೆ ಐದು ನಕ್ಷತ್ರ ಅನ್ನಿಸುತ್ತದೆ. ಈಗ ಆ ಬಟನ್ ವಿಷಯಕ್ಕೆ ಬರುತ್ತೇನೆ.

2021ರ ದೀಪಾವಳಿ. ನಮ್ಮ ಕಡೆ ಹಬ್ಬದ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಬರುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ತಂಡದಲ್ಲಿ ಒಬ್ಬ ಅಜ್ಜ ಇದ್ದರು. ಅವರು ಮುಂದೆ ಹೇಳಿದರೆ ಉಳಿದವರು ಹಿಂದಿನಿಂದ ಎತ್ತಿಕೊಳ್ಳುವುದು. ಅವರ ಹಾಡಿಗಾಗಿಯೇ ಹೋದೆ. ಲೈಟ್ ಹಾಕಿ ಹಬ್ಬ ಕೆಡಿಸುವುದು ಬೇಡ, ಚಿತ್ರ ನಾಳೆ ತೆಗೆಯೋಣ ಅಂತ ಕ್ಯಾಮೆರಾ ಮನೆಯಲ್ಲೇ ಬಿಟ್ಟಿದ್ದೆ.

ಮೊದಲ ಮನೆ ಮುಟ್ಟುವ ಗಡಿಬಿಡಿಯಲ್ಲಿ ಬಟನ್ ಒಂದೇ ಸಲ ಒತ್ತಿದ್ದೇನೆ. ಕಿವಿಯಲ್ಲಿ ಎಲ್ಲಾ ಅದ್ಭುತ. ಅಜ್ಜನ ಕಂಠ, ಹಿಂದಿನವರ ದನಿ, ಒಳಗಿನಿಂದ ಚಿಲಕ ತೆಗೆಯುವ ಸದ್ದು. ಆಹಾ ಅಂದುಕೊಳ್ಳುತ್ತಾ ಮೂರು ಮನೆ ಸುತ್ತಿದೆ. ಮೂರನೇ ಮನೆ ದಣಪೆ ದಾಟುವಾಗ ಕೆಳಗೆ ನೋಡಿದರೆ ಮಿಣುಕು ಮಿಣುಕು. ಅಷ್ಟು ಗಾಳಿಯಲ್ಲಿ ಅವರ ದೀಪ ಆರದೆ ಉರಿಯುತ್ತಿತ್ತು, ನನ್ನದು ಹೊತ್ತಿಕೊಂಡೇ ಇರಲಿಲ್ಲ. ಗಾಬರಿಯಲ್ಲಿ ಇನ್ನೊಂದು ಸಲ ಒತ್ತಿದೆ. ಅದೇ ಹೊತ್ತಿಗೆ ಅಜ್ಜ ತಿರುಗಿ ಕೇಳಿದರು. "ಎಲ್ಲಾ ಬಂತನಾ?"

"ಹ್ಞೂ, ಬಂತು ಅಜ್ಜಾ."

ಆ ಫೈಲಿನಲ್ಲಿ ಮೊದಲು ಕೇಳುವ ಮಾತು ಇದೇ. ನನ್ನ ಸುಳ್ಳು, 24 ಬಿಟ್‌ನಲ್ಲಿ, ಒಂಚೂರೂ ಗೊರಗೊರ ಇಲ್ಲದೆ.

ಮುಂದಿನ ಮನೆ ಹೊತ್ತಿಗೆ ಅಜ್ಜನ ಗಂಟಲು ಕಟ್ಟಿತ್ತು, ಬೇರೆಯವರು ಮುಂದಾಗಿ ಹೇಳಿದರು. ಮರುವರ್ಷ ಅವರ ಮಂಡಿ ನೋವು ಜಾಸ್ತಿಯಾಗಿ ತಿರುಗಾಟಕ್ಕೆ ಬರಲಿಲ್ಲ. ನಾನೇ ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂರಿಸಿ ಹಾಡಿಸಿಕೊಂಡೆ. ತುಂಬ ಸ್ವಚ್ಛವಾಗಿ ಬಂದಿದೆ. ಆದರೆ ಗದ್ದೆ ಬದು ಹತ್ತಿ ಬಂದ ಏದುಸಿರು ಅದರಲ್ಲಿಲ್ಲ, ನಾಯಿ ಇಲ್ಲ, ಚಿಲಕ ಇಲ್ಲ. ಆರು ತಿಂಗಳು ಇದನ್ನು ಡಬ್ಬಿಯಿಂದ ಆಚೆ ತೆಗೆಯಲಿಲ್ಲ. ಮಾರುವುದಕ್ಕೂ ನೋಡಿದೆ. ಮೂರು ಸಾವಿರಕ್ಕಿಂತ ಮೇಲೆ ಯಾರೂ ಬರಲಿಲ್ಲ, ಅದಕ್ಕೇ ಉಳಿಯಿತು.

ಮತ್ತೆ ಹೊರಗೆ ತೆಗೆದದ್ದು 2023ರಲ್ಲಿ, ತುಮರಿ ಕಡೆಯ ಒಂದು ಮದುವೆಗೆ. ಅಂಬಾರಗೋಡ್ಲಿನಿಂದ ದಿಬ್ಬಣ, ಬಸ್ಸನ್ನೂ ಹೊತ್ತು ಸಾಗುವ ಲಾಂಚ್‌ನಲ್ಲಿ ಶರಾವತಿ ಹಿನ್ನೀರು ದಾಟಿತು. ಬಸ್ಸು ರಿವರ್ಸ್ ಹತ್ತುವಾಗಿನ ಕಬ್ಬಿಣದ ಗಡಗಡ, ಸೀಟಿ, ಎಂಜಿನ್ ಗುಡುಗುಡು, ಅದರ ಮೇಲೆ ಹೆಂಗಸರ ನಗು. ರೆಕಾರ್ಡರ್ ಅನ್ನು ಕಂಬಿ ಪಕ್ಕ ಹಿಡಿದು ಪೂರ್ತಿ ದಾಟುವವರೆಗೆ ತಗೊಂಡೆ. ವಿಡಿಯೋದಲ್ಲಿ ಬಳಸಿದ್ದು ನಲವತ್ತು ಸೆಕೆಂಡ್. 2025ರ ಜುಲೈನಲ್ಲಿ, ಲಾಂಚ್ ದಾಟುತ್ತಿದ್ದ ಕಡೆ ಸೇತುವೆ ಓಡಾಟಕ್ಕೆ ತೆರೆಯಿತು. ಒಂದು ತಿಂಗಳು ಬಿಟ್ಟು ಮದುಮಗಳ ಅಪ್ಪ ಫೋನ್ ಮಾಡಿದರು. ಸೇತುವೆಗಾಗಿ ವರ್ಷಗಟ್ಟಲೆ ಕಾದವರು, ಖುಷಿಯಲ್ಲೇ ಇದ್ದರು. "ಆ ಲಾಂಚ್ ಸದ್ದು ಪೂರ್ತಿ ಇದ್ಯನಾ? ಸುಮ್ನೆ ಕೇಳೋಕೆ" ಅಂದರು. ಕಳಿಸಿದೆ. ಆರು ವರ್ಷದಲ್ಲಿ ಗಿರಾಕಿಯೊಬ್ಬರು ಚಿತ್ರ ಬಿಟ್ಟು ಬರೀ ಸದ್ದು ಕೇಳಿದ್ದು ಅದೊಂದೇ ಸಲ. ಆ ದಿನ ಬಟನ್ ಮಾಡಿದವನನ್ನೂ ಅರ್ಧ ಕ್ಷಮಿಸಿದೆ.

ಈಗಿನ ಸ್ಥಿತಿ: ಮೈಮೇಲಿನ ರಬ್ಬರ್ ಹಲಸಿನ ಮೇಣದ ಹಾಗೆ ಅಂಟುತ್ತದೆ. ಹೆಡ್‌ಫೋನ್ ತೂತು ಒಮ್ಮೊಮ್ಮೆ ಕರಕರ ಅನ್ನುತ್ತದೆ. ಆನ್ ಆಗುವಷ್ಟರಲ್ಲಿ ಒಂದು ಎಲೆ ಅಡಿಕೆ ಹಾಕಿಕೊಳ್ಳಬಹುದು. ಈಗ ಲೆವೆಲ್ ಹೊಂದಿಸುವ ತಲೆಬಿಸಿಯೇ ಇಲ್ಲದ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಬಂದಿವೆ. ಚಂಡೆ ರೆಕಾರ್ಡ್ ಮಾಡುವವರು, ಕೈಯಲ್ಲಿ ದುಡ್ಡಿದ್ದರೆ ಅದನ್ನೇ ನೋಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ನನ್ನಂಥದ್ದು ಸಿಕ್ಕರೆ ನಾಲ್ಕು ಸಾವಿರದ ಮೇಲೆ ಕೊಡಬೇಡಿ, ಸೆಲ್ ಕೂರುವ ಸ್ಪ್ರಿಂಗ್ ತುಕ್ಕು ಹಿಡಿದಿದೆಯಾ ನೋಡಿಕೊಳ್ಳಿ. ನನ್ನ ಕಡೆಯಿಂದ ಮೂರೂವರೆ ನಕ್ಷತ್ರ. ಆ ಅರ್ಧ ಲಾಂಚಿಗೆ.

ನಾನಂತೂ ಬಟನ್ ಪಕ್ಕ ಮೆಡಿಕಲ್ ಟೇಪ್ ಅಂಟಿಸಿ ದೊಡ್ಡದಾಗಿ 2 ಅಂತ ಬರೆದಿದ್ದೇನೆ. ಒತ್ತಿ, ಮತ್ತೆ ಒತ್ತಿ, ಸೆಕೆಂಡ್ ಐದು ಮುಟ್ಟುವ ತನಕ ಕಾದು, ಊರು ತಾರೀಕು ಜೋರಾಗಿ ಹೇಳಿ, ಚಪ್ಪಾಳೆ ತಟ್ಟುತ್ತೇನೆ. ಕತೆ ಮನೆಯಲ್ಲೆಲ್ಲ ಗೊತ್ತಾಗಿದೆ. ತೋಟದ ಪಂಪ್ ಹಾಕಿ ಬಂದೆ ಅಂದರೆ, ಅಪ್ಪ ಪೇಪರಿನಿಂದ ತಲೆ ಎತ್ತದೆ ಕೇಳುತ್ತಾರೆ:

"ಎರಡು ಸಲ ಒತ್ತಿದ್ಯನಾ?"